ಮೊದಲ ಬೆಳಕು ಯಾರ ಮನೆಗೆ?

ನೇಪಾಳದ ಫರ್ಪಿಂಗ್ ಹೆಸರು ಕೇಳಿದ್ದೀರಾ? ಕಾಠ್ಮಂಡುವಿನ ದಕ್ಷಿಣಕ್ಕಿರೋ ಊರು. 1911ರಲ್ಲಿ ಅಲ್ಲಿ 500 ಕಿಲೋವ್ಯಾಟ್‌ನ ಜಲವಿದ್ಯುತ್ ಕೇಂದ್ರ ಶುರುವಾಯ್ತು. ನಮ್ಮ ಶಿವನಸಮುದ್ರಕ್ಕಿಂತ ಒಂಬತ್ತೇ ವರ್ಷ ಚಿಕ್ಕದು! ಆದರೆ ಶಿವನಸಮುದ್ರದ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಫರ್ಪಿಂಗ್‌ನದ್ದು ಮುಖ್ಯವಾಗಿ ಬೆಳಗಿದ್ದು ರಾಣಾಗಳ ಅರಮನೆಗಳನ್ನ. ಪ್ರಧಾನಿ ಚಂದ್ರ ಶಂಶೇರ್ ಕಾಲ ಅದು. ಜನರ ಮನೆಯಲ್ಲಿ ಎಣ್ಣೆ ದೀಪವೇ ಗತಿ.

ಹಿಮಾಲಯದ ನದಿಗಳಿದ್ದೂ ಕತ್ತಲೆ ಯಾಕೆ? ಇಂಜಿನಿಯರಿಂಗ್ ಓದಿದ ನನಗೆ ಕಾಣೋ ಉತ್ತರ ಸರಳ. ಅಲ್ಲಿನ ಬಹುತೇಕ ಕೇಂದ್ರಗಳು ನೀರು ಕೂಡಿಡಲ್ಲ, ಹರಿಯೋ ನೀರಿನಲ್ಲೇ ಟರ್ಬೈನ್ ತಿರುಗಿಸ್ತವೆ. ಮಳೆಗಾಲದಲ್ಲಿ ಭರ್ಜರಿ. ಚಳಿಗಾಲದಲ್ಲಿ ನದಿ ಸೊರಗುತ್ತೆ, ಕರೆಂಟೂ ಸೊರಗುತ್ತೆ. ಕೂಡಿಟ್ಟ ನೀರು ಅಂದ್ರೆ ಹೆಚ್ಚುಕಮ್ಮಿ ಕುಲೇಖಾನಿ ಜಲಾಶಯವೊಂದೇ. 2009ರ ಹೊತ್ತಿಗೆ ದಿನಕ್ಕೆ 16 ಗಂಟೆ ಲೋಡ್ ಶೆಡ್ಡಿಂಗ್!

ಆದರೆ ನೀರಿನದ್ದಷ್ಟೇ ತಪ್ಪಾ? 2016ರಲ್ಲಿ ವಿದ್ಯುತ್ ಪ್ರಾಧಿಕಾರಕ್ಕೆ ಕುಲಮಾನ್ ಘಿಸಿಂಗ್ ಬಂದರು. ಭಾರತದಿಂದ ಹೆಚ್ಚು ಕರೆಂಟು ತಂದರು, ನಿಜ. ಜೊತೆಗೆ ಕೆಲವು ಕಾರ್ಖಾನೆಗಳಿಗೆ ಪ್ರತ್ಯೇಕ ಲೈನಿನಲ್ಲಿ ಹೋಗ್ತಿದ್ದ ತಡೆಯಿಲ್ಲದ ಕರೆಂಟಿಗೂ ಕೈಹಾಕಿದರು. ಕಾಠ್ಮಂಡುವಿನ ಮನೆಗಳು ಆ ಚಳಿಗಾಲ ಕತ್ತಲಾಗಲಿಲ್ಲ. ಅರಮನೆ ಹೋಗಿ ಕಾರ್ಖಾನೆ ಬಂದಿತ್ತು ಅಷ್ಟೇ. ಆ ಲೈನುಗಳ ಬಾಕಿ ಬಿಲ್ಲಿನ ಜಗಳ ಮಾತ್ರ ಆಮೇಲೂ ವರ್ಷಗಟ್ಟಲೆ ನಡೀತು.