ನೆಲದಿಂದ ಏಳುವುದು: ಕಂಬಂ ಕಣಿವೆಯ ಹಿರಿಯರು ಮತ್ತು ಬೀಳುವ ಭಯ

ಬಿದ್ದ ಗಾಯ ಮಾಗಿದ ಮೇಲೂ ಕೆಲವು ವೃದ್ಧರು ಆಸರೆಯಿಲ್ಲದೆ ಹೆಜ್ಜೆ ಇಡಲಾರರು. ಗೋಡೆ, ಬಾಗಿಲು, ಪಕ್ಕದವರ ತೋಳು, ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಮರ್ಫಿ ಮತ್ತು ಐಸಾಕ್ಸ್ 1982ರಲ್ಲಿ ಈ ಸ್ಥಿತಿಯನ್ನು ಪ್ರತ್ಯೇಕ ಲಕ್ಷಣಕೂಟವಾಗಿ ವಿವರಿಸಿದರು. 1990ರಲ್ಲಿ ಮೇರಿ ಟಿನೆಟ್ಟಿ ಮತ್ತು ಸಂಗಡಿಗರು ಬೀಳುವ ಭಯವನ್ನು ಅಳೆಯುವ ಕ್ರಮವನ್ನು ರೂಪಿಸಿದರು: ಸ್ನಾನ, ನಡಿಗೆಯಂಥ ನಿತ್ಯದ ಕೆಲಸವನ್ನು ಬೀಳದೆ ಮಾಡಬಲ್ಲೆನೆಂಬ ನಂಬಿಕೆ ಎಷ್ಟಿದೆ ಎಂದು ಕೇಳುವುದು. ಭಯ ಕೆಲಸವನ್ನು ಬಿಡಿಸುತ್ತದೆ, ಕೆಲಸ ಬಿಟ್ಟ ಕಾಲು ಸೊರಗುತ್ತದೆ, ಸೊರಗಿದ ಕಾಲು ನಿಜವಾಗಿಯೂ ಬೀಳಿಸುತ್ತದೆ.

ತಮಿಳುನಾಡಿನ ತೇನಿ ಜಿಲ್ಲೆಯ ಉತ್ತಮಪಾಳ್ಯಂ ತಾಲ್ಲೂಕಿನ ಹನುಮಂತನಪಟ್ಟಿಯನ್ನೂ ಸುತ್ತಲ ಕಂಬಂ ಕಣಿವೆಯನ್ನೂ ಮುಂದಿಟ್ಟುಕೊಂಡು ಈ ವಿಚಾರವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕಣಿವೆಯ ಕಪ್ಪಿಲಿಯರು, ಒಕ್ಕಲಿಗರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುತ್ತ ಬಂದ ಬೇಸಾಯಗಾರರು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗೆಗಿನ 1909ರ ಥರ್ಸ್ಟನ್ನರ ಸಂಪುಟಗಳಲ್ಲಿ ಕಪ್ಪಿಲಿಯರು ಕನ್ನಡ ಮಾತಿನ ಒಕ್ಕಲುಗಳೆಂದೇ ದಾಖಲಾಗಿದ್ದಾರೆ. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಹರಿಯುವ ಈ ನೆಲದಲ್ಲಿ ಗದ್ದೆಯ ಬದು, ಕಾಲುವೆಯ ದಂಡೆ, ದ್ರಾಕ್ಷಿ ಚಪ್ಪರದ ಕೆಸರು ಮುದುಕರ ದಿನಚರಿಯ ಭಾಗ.

ಯುರೋಪಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ, ಇಂದು ಹೆಚ್ಚು ಬಳಕೆಯಲ್ಲಿರುವ ಬೀಳುವ ಭಯದ ಪ್ರಶ್ನಾವಳಿಯಲ್ಲಿ 16 ಅಂಶಗಳಿವೆ. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ಫೋನ್ ನಿಲ್ಲುವ ಮೊದಲು ಹೋಗಿ ಎತ್ತುವುದು, ಜಾರುವ ನೆಲದಲ್ಲಿ ನಡೆಯುವುದು ಎಲ್ಲವೂ ಅದರಲ್ಲಿವೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಏಳುವುದು, ಕುಕ್ಕರುಗಾಲಲ್ಲಿ ಶೌಚಕ್ಕೆ ಕೂರುವುದು, ಬದುವಿನ ಮೇಲೆ ನಡೆಯುವುದು ಇಲ್ಲ. ನಮ್ಮ ಹಿರಿಯರು ಮೊದಲು ಕೈಬಿಡುವ ಕೆಲಸಗಳು ಇವೇ ಆಗಿದ್ದರೆ ಈ ಅಳತೆಗೆ ಅವರ ಭಯ ಪೂರ್ತಿ ಸಿಕ್ಕುವುದಿಲ್ಲ.

ಮನೆಯವರ ಕಾಳಜಿಯನ್ನೂ ಇಲ್ಲಿ ಗಮನಿಸಬೇಕು. "ಅವ್ವ, ನೀನು ಏಳಬ್ಯಾಡ, ನಾನು ತರ್ತೀನಿ" ಎಂಬ ಮಾತಿನಲ್ಲಿ ಪ್ರೀತಿಯೇ ಇದೆ. ಆದರೆ ದಿನವೂ ಅದನ್ನೇ ಕೇಳುವ ಅವ್ವನಿಗೆ ಏಳುವುದು ಅಪಾಯವೆಂಬುದು ಖಚಿತವಾಗುತ್ತದೆ. ಕಾಳಜಿಯನ್ನು ಕಡಿಮೆ ಮಾಡಬೇಕಿಲ್ಲ. ಅದು ಎಬ್ಬಿಸಿ ನಿಲ್ಲಿಸುವ ಕಡೆಗೆ ತಿರುಗಬೇಕು.

ಭಯದ ತಿರುಳು ಬೀಳುವುದಕ್ಕಿಂತ ಬಿದ್ದಲ್ಲೇ ಉಳಿಯುವುದರಲ್ಲಿದೆ ಎಂದು ನನಗೆ ತೋರುತ್ತದೆ. ಟಿನೆಟ್ಟಿಯವರ 1993ರ ಅಧ್ಯಯನದಲ್ಲಿ, ಬಿದ್ದರೂ ಗಾಯವಾಗದ ಹಿರಿಯರ ಪೈಕಿ ಶೇ. 47ರಷ್ಟು ಮಂದಿಗೆ ಇನ್ನೊಬ್ಬರ ನೆರವಿಲ್ಲದೆ ಏಳಲಾಗಿರಲಿಲ್ಲ. ಏಳುವುದನ್ನು ಕಲಿಸಬಹುದು. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಗಟ್ಟಿ ಮಂಚದವರೆಗೆ ಸರಿದು, ಒಂದು ಪಾದ ಮುಂದಿಟ್ಟು ಮೇಲೇಳುವುದು ಇದರ ಕ್ರಮ. ಕೊನೆಯ ಹಂತದಿಂದ ಹಿಂದಕ್ಕೆ ಕಲಿಸಿದರೆ ಹೆದರಿದವರಿಗೂ ಒಗ್ಗುತ್ತದೆ: ಮೊದಲ ದಿನ ಮಂಚ ಹಿಡಿದು ಒಂದು ಮೊಣಕಾಲಿನಿಂದ ಏಳುವುದಷ್ಟೇ ಸಾಕು. ಮಂಡಿನೋವು, ಮೂಳೆಸವೆತ ಇರುವವರಿಗೆ ಇದು ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ನಡೆಯಬೇಕು.

ವ್ಯಾಯಾಮದ ಫಲದ ಬಗ್ಗೆ ಪುರಾವೆ ಎರಡು ಬಗೆಯದು. 108 ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಕೊಕ್ರೇನ್ ವಿಮರ್ಶೆಯಲ್ಲಿ ಬೀಳುವ ಪ್ರಮಾಣ ಶೇ. 23ರಷ್ಟು ಇಳಿದಿದೆ. ಭಯದ ಮೇಲಿನ ಪರಿಣಾಮ ಇಷ್ಟು ದೃಢವಲ್ಲ. 2014ರ ವಿಮರ್ಶೆ ಅದನ್ನು ಅಲ್ಪದಿಂದ ಮಧ್ಯಮ ಮಟ್ಟದ್ದೆಂದು ಎಣಿಸಿತು. ವ್ಯಾಯಾಮದ ಜೊತೆ ಭಯದ ಬಗ್ಗೆ ನೇರ ಮಾತುಕತೆಯೂ ಬೇಕೆನ್ನಲು ಇದೇ ಕಾರಣ. ಬಾಸ್ಟನ್ನಿನಲ್ಲಿ ರೂಪುಗೊಂಡು 1998ರಲ್ಲಿ ಪರೀಕ್ಷೆಗೊಳಗಾದ ಗುಂಪು ತರಬೇತಿ ಇವೆರಡನ್ನೂ ಕೂಡಿಸಿತ್ತು. ಇಂಥ ಮಾತು ಮನೆಮಾತಿನಲ್ಲೇ ನಡೆಯುವುದು ಒಳ್ಳೆಯದು. ವಯಸ್ಸಾದವರು ಹೆದರಿಕೆಯನ್ನು ಬಾಯಿಬಿಟ್ಟು ಹೇಳುವುದು ಸಲೀಸಾದ ಭಾಷೆಯಲ್ಲಿ.

ಕಣ್ಣನ್ನೂ ಮರೆಯಬಾರದು. 2005ರ ನಾಟಿಂಗ್‌ಹ್ಯಾಮ್ ಪ್ರಯೋಗದಲ್ಲಿ 70 ದಾಟಿದ ಮಹಿಳೆಯರಿಗೆ ಮೊದಲ ಕಣ್ಣಿನ ಪೊರೆಯನ್ನು ಬೇಗ ತೆಗೆಸಿದಾಗ ಬೀಳುವ ಪ್ರಮಾಣ ಶೇ. 34ರಷ್ಟು ತಗ್ಗಿತು. ಆ ಶಸ್ತ್ರಚಿಕಿತ್ಸೆಗೆ ಕಣಿವೆಯವರು ದೂರ ಹೋಗಬೇಕಿಲ್ಲ, ತೇನಿಯಲ್ಲೇ ಅರವಿಂದ ಕಣ್ಣಾಸ್ಪತ್ರೆ ಇದೆ.

2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' (ಜನರನ್ನು ಅರಸಿ ಬರುವ ವೈದ್ಯ) ಯೋಜನೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನೂ ಫಿಸಿಯೋಥೆರಪಿಯನ್ನೂ ಮನೆ ಬಾಗಿಲಿಗೆ ಒಯ್ಯುತ್ತದೆ. ಮಾತ್ರೆ ಕೊಡಲು ಬಂದವರು ಎರಡು ಪ್ರಶ್ನೆ ಹೆಚ್ಚಿಗೆ ಕೇಳಬಹುದು: ಎದ್ದು ನಿಂತಾಗ ತಲೆ ಸುತ್ತುತ್ತದೆಯೇ? ಬೀಳುತ್ತೇನೆಂಬ ಹೆದರಿಕೆಯಿಂದ ಯಾವ ಕೆಲಸ ಬಿಟ್ಟಿದ್ದೀರಿ? ಮೊದಲನೆಯದಕ್ಕೆ ಹೌದೆಂದರೆ ವೈದ್ಯರು ಮಾತ್ರೆಯ ಪ್ರಮಾಣವನ್ನು ಮರುಪರಿಶೀಲಿಸಬೇಕು. ಎರಡನೆಯದಕ್ಕೆ ಬಂದ ಉತ್ತರವೇ ಫಿಸಿಯೋಥೆರಪಿಸ್ಟ್ ಕಲಿಸಬೇಕಾದ ಮೊದಲ ಪಾಠ; ಅದು ಬದುವಿನ ಮೇಲಿನ ನಡಿಗೆಯಾದರೆ ಅಭ್ಯಾಸವೂ ಬದುವಿನ ಮೇಲೆಯೇ, ಮಗನೋ ಸೊಸೆಯೋ ಜೊತೆಗಿದ್ದು ನಡೆಯಬೇಕು.