ಬೆಳಗೊಳದ ದಾರಿ, ಅಪ್ಪಾಜಿಯ ಕಾಂಟೆಸಾ

ನಮ್ಮ ಶ್ರವಣಬೆಳಗೊಳದಲ್ಲಿ ಹಿರಿಯರು ವರ್ಷ ಹೇಳುವುದು ಬೆಟ್ಟದ ಮೇಲಿನ ಗೊಮ್ಮಟಸ್ವಾಮಿಯ ಮಹಾಮಸ್ತಕಾಭಿಷೇಕದ ಲೆಕ್ಕದಲ್ಲಿ. ‘ಐವತ್ಮೂರರ ಅಭಿಷೇಕ ಆದ ಮಾರನೇ ವರ್ಷ ನನ್ನ ಮದುವೆ’, ‘ಎಂಬತ್ತೊಂದರ ಅಭಿಷೇಕಕ್ಕೆ ನೀನಿನ್ನೂ ಕೈಕೂಸು’ ಅನ್ನುತ್ತಾರೆ. 1910, 1925, 1940, 1953, 1967, 1981, 1993, 2006, 2018. ಊರಲ್ಲಿ ರಸ್ತೆಗೆ ಡಾಂಬರು ಬೀಳಬೇಕಾದರೂ ಛತ್ರಕ್ಕೆ ಸುಣ್ಣ ಬಳಿಯಬೇಕಾದರೂ ಇವೇ ಗಡುವು. ಊರಿಗೆ ಬಂದ ಗಾಡಿಗಳ ಚರಿತ್ರೆಯನ್ನೂ ಇದೇ ಲೆಕ್ಕದಲ್ಲಿ ಬರೆಯಬಹುದು ಅಂತ ನನಗೆ ಹೊಳೆದದ್ದು, ಮೂವತ್ತು ವರ್ಷ ನಮ್ಮ ಮನೆಯಲ್ಲಿದ್ದ ಕಾಂಟೆಸಾ ಕಾರನ್ನು ಮಾರಬೇಕಾಗಿ ಬಂದಾಗ.

1953ರ ಅಭಿಷೇಕ ನಡೆಯುವಾಗ ಮುಂಬಯಿಯ ಶಿವಡಿಯಲ್ಲಿ ಜನರಲ್ ಮೋಟರ್ಸ್ ಕಂಪನಿ ಇನ್ನೂ ಕಾರು ಜೋಡಿಸುತ್ತಿತ್ತು. 1928ರಿಂದ ಅಲ್ಲಿ ಅಮೆರಿಕದ ಬಿಡಿಭಾಗ ಇಳಿಸಿಕೊಂಡು ಷೆವರ್ಲೆ ಕಟ್ಟುತ್ತಿದ್ದರು. ಫೋರ್ಡ್ ಕೂಡ ಮುಂಬಯಿಯಲ್ಲಿತ್ತು. ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಡಾಡ್ಜ್, ಪ್ಲಿಮತ್ ಜೋಡಿಸುತ್ತಿತ್ತು. ಬರೀ ಜೋಡಿಸುವವರಿಗೆ ಇಲ್ಲಿ ಜಾಗವಿಲ್ಲ, ಇಲ್ಲೇ ತಯಾರಿಸುವವರಿಗೆ ಮಾತ್ರ ಪರವಾನಗಿ ಎಂದು ಸರ್ಕಾರ ನಿರ್ಧರಿಸಿದ ಮೇಲೆ 1954ರ ಹೊತ್ತಿಗೆ ಜನರಲ್ ಮೋಟರ್ಸ್, ಫೋರ್ಡ್ ಎರಡೂ ಬಾಗಿಲು ಹಾಕಿದವು. ಅದರ ಫಲ ನಮ್ಮ ಮಟ್ಟಿಗೆ ಸ್ಪಷ್ಟ. ಅಗಲ ಮೂತಿಯ ಅಮೆರಿಕನ್ ಕಾರುಗಳು ಹಳತಾಗುತ್ತ ಹೋದವು, ಹೊಸವು ಬರಲಿಲ್ಲ. 1967ರ ಅಭಿಷೇಕದ ಹೊತ್ತಿಗೆ ಕಾರು ಅಂದರೆ ಅಂಬಾಸಿಡರ್ ಅಥವಾ ಫಿಯೆಟ್. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು.

ಅದೇ ಅರವತ್ತರ ದಶಕದಲ್ಲಿ ಅಮೆರಿಕದಲ್ಲಿ ನಡೆಯುತ್ತಿದ್ದದ್ದು ಬೇರೆಯೇ ಕತೆ. 1964ರಲ್ಲಿ ಪಾಂಟಿಯಾಕ್ ಜಿ.ಟಿ.ಒ. ಬಂತು, ಅದೇ ವರ್ಷ ಫೋರ್ಡ್ ಮಸ್ಟಾಂಗ್. ಮಧ್ಯಮ ಗಾತ್ರದ ಕಾರಿಗೆ ದೈತ್ಯ ಎಂಜಿನ್ ಕೂರಿಸಿ ಹುಡುಗರಿಗೆ ಮಾರುವ ಕಾಲ. ‘ಮಸಲ್ ಕಾರ್’ ಎಂಬ ಮಾತು ಹುಟ್ಟಿದ್ದು ಅಲ್ಲಿ. ಜಿ.ಟಿ.ಒ. ಎಂಜಿನ್ನಿನದು 325 ಅಶ್ವಶಕ್ತಿ. ನಮ್ಮ ಅಂಬಾಸಿಡರ್ ಐವತ್ತರ ಆಸುಪಾಸಿನಲ್ಲಿತ್ತು.

1981ರ ಅಭಿಷೇಕ ಮೂರ್ತಿಯ ಸಾವಿರ ವರ್ಷದ್ದು. ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ದಿಲ್ಲಿಯಿಂದ ಜನಮಂಗಲ ಮಹಾಕಲಶವನ್ನು ಇಂದಿರಾ ಗಾಂಧಿಯವರು ಬೀಳ್ಕೊಟ್ಟಿದ್ದರು. ಅದು ವಾಹನವೇರಿ ದೇಶವೆಲ್ಲ ಸುತ್ತಿ ಇಲ್ಲಿಗೆ ಬಂತು. ಫೆಬ್ರವರಿಯಲ್ಲಿ ಇಂದಿರಾ ಹೆಲಿಕಾಪ್ಟರಿನಿಂದ ಸ್ವಾಮಿಯ ಮೇಲೆ ಹೂಮಳೆ ಸುರಿಸಿದ್ದನ್ನು ನಮ್ಮ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದರು. ಮಾರುತಿ ಉದ್ಯೋಗ ಕಂಪನಿ ಹುಟ್ಟಿದ್ದೂ ಅದೇ ಫೆಬ್ರವರಿಯಲ್ಲಿ.

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಮಾರನೇ ವರ್ಷ ಅಂಬಾಸಿಡರ್ ಮಾಡುವ ಹಿಂದೂಸ್ತಾನ್ ಮೋಟರ್ಸ್ ತನ್ನ ದೊಡ್ಡ ಕಾರು ತೆಗೆಯಿತು: ಕಾಂಟೆಸಾ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1978ರಲ್ಲಿ ಕೈಬಿಟ್ಟ ವಿ.ಎಕ್ಸ್. ಮಾದರಿಯ ಅಚ್ಚುಗಳನ್ನು ತಂದು ಬಂಗಾಳದ ಉತ್ತರಪಾರಾದಲ್ಲಿ ಮಾಡಿದ ಗಾಡಿ. ವಾಕ್ಸ್‌ಹಾಲ್ ಆಗ ಜನರಲ್ ಮೋಟರ್ಸಿನದೇ. ಹಾಗಾಗಿ 1954ರಲ್ಲಿ ಮುಂಬಯಿ ಬಿಟ್ಟುಹೋದ ಕುಲದ ಕುಡಿಯೊಂದು ಮೂವತ್ತು ವರ್ಷದ ಮೇಲೆ ಬಂಗಾಳದಲ್ಲಿ ಚಿಗುರಿತು ಅನ್ನಬಹುದು. ಮೊದಲು ಹಾಕಿದ್ದು ಅಂಬಾಸಿಡರಿನ ಎಂಜಿನ್ನನ್ನೇ. ಅಷ್ಟು ದೊಡ್ಡ ಮೈಗೆ ಅದು ಸಾಲಲಿಲ್ಲ. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್, ಐದು ಗೇರಿನ ಬಾಕ್ಸ್ ಬಂತು. 88 ಅಶ್ವಶಕ್ತಿ. ಉದ್ದ ಬಾನೆಟ್ಟು, ತಗ್ಗು ಛಾವಣಿ, ಹಿಂದಿನ ಚಕ್ರಕ್ಕೆ ಬಲ. ಇಂದಿನ ಹುಡುಗರು ಇದನ್ನು ಭಾರತದ ಮಸಲ್ ಕಾರ್ ಅಂತ ಕರೆಯುವುದು ಆ ಆಕಾರಕ್ಕೆ. ಅಮೆರಿಕದವರ ಅಳತೆಯಲ್ಲಿ ಅಲ್ಲ, ಪಕ್ಕದಲ್ಲಿ ಓಡುತ್ತಿದ್ದ ಗಾಡಿಗಳ ಅಳತೆಯಲ್ಲಿ ಆ ಹೆಸರು ಸಲ್ಲುತ್ತದೆ.

ಅಪ್ಪಾಜಿ ಕೊಬ್ಬರಿ ವ್ಯಾಪಾರಿ. ಚನ್ನರಾಯಪಟ್ಟಣದ ಸುತ್ತಿನ ತೋಟಗಳಿಂದ ಉಂಡೆ ಕೊಬ್ಬರಿ ಎತ್ತಿ ತಿಪಟೂರು ಮಾರುಕಟ್ಟೆಗೆ ಕಳಿಸುತ್ತಿದ್ದರು. 1990ರ ಮಾಡೆಲ್ ಕಾಂಟೆಸಾ ಕ್ಲಾಸಿಕ್ಕನ್ನು 1993ರಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದರು. ಡಿಸೆಂಬರಿನಲ್ಲಿ ಅಭಿಷೇಕ, ಮನೆತುಂಬ ನೆಂಟರು. ಆ ವರ್ಷದ ಕೊಬ್ಬರಿ ದುಡ್ಡೆಲ್ಲ ಅದಕ್ಕೇ ಹೋಯಿತು ಅಂತ ಅಮ್ಮ ಬಹಳ ದಿನ ಬೇಸರ ಮಾಡಿಕೊಂಡಿದ್ದರು.

ಆದರೆ ನಾನು ಹೇಳಬೇಕೆಂದಿರುವುದು ಮನೆಯವರ ಪ್ರಯಾಣವನ್ನಲ್ಲ. ರೈಲಿಲ್ಲದ ಊರಿನಲ್ಲಿ ದೊಡ್ಡ ಕಾರೊಂದು ಯಾರೊಬ್ಬರದೂ ಆಗಿ ಉಳಿಯುವುದಿಲ್ಲ. ಯಾತ್ರಿಕರು ಅರಸೀಕೆರೆಯಲ್ಲೋ ತಿಪಟೂರಿನಲ್ಲೋ ಹಾಸನದಲ್ಲೋ ರೈಲಿಳಿದು ಬಸ್ಸು ಹಿಡಿಯಬೇಕಿತ್ತು. ರಾತ್ರಿ ಹೊತ್ತು ಬಸ್ಸಿಲ್ಲ. ಅಪ್ಪಾಜಿಯ ಖಾತೆ ಪುಸ್ತಕದಲ್ಲಿ ಪೆಟ್ರೋಲಿನ ಲೆಕ್ಕಕ್ಕೆ ಬೇರೆ ಹಾಳೆಗಳಿವೆ. ಲೀಟರು, ದರ, ಪಕ್ಕದಲ್ಲಿ ಒಂದೆರಡು ಪದ: ‘ಹೆರಿಗೆ, ಹಾಸನ’, ‘ತಿಪಟೂರು, ರೈಲು, ಗುಜರಾತಿನವರು’, ‘ಹೊಳೆನರಸೀಪುರ ದಿಬ್ಬಣ’, ‘ಅರಕಲಗೂಡು, ಸಾವು’. ಬಾಡಿಗೆ ಅಂತ ಒಂದು ಕಡೆಯೂ ಬರೆದಿಲ್ಲ. ಪೆಟ್ರೋಲಿನ ದುಡ್ಡು ಕೊಟ್ಟವರ ಹೆಸರಿನ ಮುಂದೆ ಒಂದು ಗೀಟು, ಕೊಡದವರ ಮುಂದೆ ಏನೂ ಇಲ್ಲ. ತಾಲ್ಲೂಕಿನ ಗೆಜೆಟಿಯರಿನಲ್ಲಿ ರಸ್ತೆಯ ಉದ್ದ ಸಿಗುತ್ತದೆ. ಆ ರಸ್ತೆಯಲ್ಲಿ ಯಾರು ಯಾರನ್ನು ಯಾವ ಹೊತ್ತಿನಲ್ಲಿ ಕರೆದೊಯ್ದರು ಎಂಬುದು ಇಂಥ ಹಾಳೆಗಳಲ್ಲಿ ಮಾತ್ರ ಸಿಗುತ್ತದೆ.

ಇನ್ನೊಂದು ಸಂಗತಿ ನಮ್ಮ ಊರಿಗೇ ವಿಶೇಷ. ಇಲ್ಲಿ ಅತಿ ಹೆಚ್ಚು ಪೂಜ್ಯರಾದವರು ಯಾವ ವಾಹನವನ್ನೂ ಹತ್ತುವುದಿಲ್ಲ. ದಿಗಂಬರ ಮುನಿಗಳು ರಾಜಸ್ಥಾನದಿಂದ ಬಂದರೂ ಬರಿಗಾಲಲ್ಲೇ ಬರಬೇಕು. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು, ಅಷ್ಟೇ. 1993ರಲ್ಲಿ ಆಚಾರ್ಯ ವರ್ಧಮಾನಸಾಗರರ ಸಂಘ ನಡೆದೇ ಬಂದದ್ದು. ಮುನಿಗಳದು ದಿನಕ್ಕೆ ಒಂದೇ ಆಹಾರ, ಅದೂ ನಿಂತು, ಅಂಗೈಯಲ್ಲಿ, ನೀರೂ ಆಗಲೇ. ಅವರು ತಂಗುವ ಕಡೆ ಶ್ರಾವಕರು, ಅಂದರೆ ಗೃಹಸ್ಥ ಜೈನರು, ಮೊದಲೇ ಹೋಗಿ ಅವರ ಆಹಾರಕ್ಕೆ ಶುದ್ಧವಾಗಿ ಅಡುಗೆಯ ಚೌಕ ಹೂಡಬೇಕು. ಆ ಪಾತ್ರೆ, ಬಾವಿನೀರಿನ ಬಿಂದಿಗೆ, ಸೋಸುವ ಬಟ್ಟೆ, ಬೀಸಿದ ಹಿಟ್ಟು ಎಲ್ಲ ನಮ್ಮ ಕಾಂಟೆಸಾದ ಡಿಕ್ಕಿಯಲ್ಲಿ ಹೋಗುತ್ತಿತ್ತು. ಹಿರೀಸಾವೆ ಕಡೆಯಿಂದ ಸಂಘ ಬರುವಾಗ ಕಾರು ಅವರನ್ನು ದಾಟಿ ಹೋಗಬಾರದೆಂದು ಅಪ್ಪಾಜಿಯ ಕಟ್ಟುನಿಟ್ಟು. ಸುತ್ತುದಾರಿ ಹಿಡಿದು ಮುಂದಿನ ಊರು ಸೇರುತ್ತಿದ್ದರು. ಗಂಟೆಗೆ ನೂರು ದಾಟಬಲ್ಲ ಎಂಜಿನ್ನು ಕಾಲ್ನಡಿಗೆಯವರ ಸೇವೆಯಲ್ಲಿ ದುಡಿಯಿತು. ಅದರ ಬಾಳಿನಲ್ಲಿ ನನಗೆ ಅತ್ಯಂತ ಹೆಮ್ಮೆಯ ಭಾಗ ಅದೇ.

ಮುಂದಿನದು ಬೇಗ ಮುಗಿಯುವ ಕತೆ. 1991ರ ಉದಾರೀಕರಣದ ನಂತರ ಸಿಯೆಲೊ, ಆಸ್ಟ್ರಾ, ಎಸ್ಕಾರ್ಟ್ ಬಂದವು. ಪೆಟ್ರೋಲ್ ಕುಡಿಯುವ ಕಾಂಟೆಸಾವನ್ನು ಕೇಳುವವರು ಕಡಿಮೆಯಾದರು. 2002ರಲ್ಲಿ ತಯಾರಿಕೆ ನಿಂತಿತು. 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲೇ ಕೆಲಸ ನಿಂತುಹೋಯಿತು. ಇತ್ತ ಹಾಸನದ ಕಡೆಯಿಂದ 2006ರ ಅಭಿಷೇಕದ ಸುಮಾರಿಗೆ ರೈಲು ಹಳಿ ಬೆಳಗೊಳ ಮುಟ್ಟಿತು. ಬೆಂಗಳೂರಿನ ತನಕ ಕೂಡಿದ್ದು 2017ರ ಮಾರ್ಚಿನಲ್ಲಿ. 2018ರ ಅಭಿಷೇಕಕ್ಕೆ ನೆಂಟರು ರೈಲಿನಲ್ಲಿ ಬಂದು ಆಟೊದಲ್ಲಿ ಮನೆ ಸೇರಿದರು. ಕಾರು ಶೆಡ್ಡಿನಲ್ಲೇ ಇತ್ತು. ಅದಕ್ಕೆ ಮುಂಚೆಯೇ ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆ ಅಲೆಯುವುದು ನಮಗೆ ವ್ರತದಂತಾಗಿತ್ತು.

ಅಪ್ಪಾಜಿ ಹೋದ ಮೇಲೆ ತಮ್ಮನೂ ನಾನೂ ಮಾರುವುದೆಂದು ಮಾತಾಡಿಕೊಂಡೆವು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲಿನಿಂದ 600 ರೂಪಾಯಿ ಇದ್ದದ್ದು 5,000 ಆಗಿತ್ತು. ಅದಕ್ಕಿಂತ ದೊಡ್ಡ ಕಾರಣ, ಓಡಿಸದ ಗಾಡಿ ತುಕ್ಕು ಹಿಡಿಯುತ್ತದೆ. ಶೆಡ್ಡಿನಲ್ಲಿ ಕೊಳೆಯಿಸುವುದು ಅಪ್ಪಾಜಿಗೆ ಮಾಡುವ ಗೌರವ ಅಂತ ನನಗೆ ಅನ್ನಿಸಲಿಲ್ಲ.

ಮೊದಲು ಬಂದವನು ಗುಜರಿಯವನು. ‘ತೂಕದ ಲೆಕ್ಕದಲ್ಲಿ ಕೊಡಿ ಅಕ್ಕಾ’ ಅಂದ. ಆಮೇಲೆ ಬಂದವರು ಮೈ ಕೊಯ್ದು, ಬೇರೆ ಎಂಜಿನ್ನು ಹಾಕಿ, ರೇಸಿನ ಗಾಡಿ ಮಾಡುವವರು. ಒಳ್ಳೆಯ ದುಡ್ಡನ್ನೇ ಹೇಳಿದರು. ನಾವು ಕೊಡಲಿಲ್ಲ. ಕೊನೆಗೆ ಹಾಸನದ ಹುಡುಗನೊಬ್ಬ ಬಂದು ಬಾನೆಟ್ ಎತ್ತಿ ಬಹಳ ಹೊತ್ತು ನೋಡಿ, ‘ಇಸುಜು ಹಂಗೇ ಇದೆಯಲ್ಲಕ್ಕಾ, ಯಾರೂ ಕೈ ಹಾಕಿಲ್ಲ’ ಅಂದ. ಅವನಿಗೆ ಕೊಟ್ಟೆವು. 29, 30ನೇ ನಮೂನೆಗಳಿಗೆ ಸಹಿ ಹಾಕಿ, ಆರ್.ಸಿ. ಜೊತೆ ಪೆಟ್ರೋಲ್ ಹಾಳೆಗಳ ಜೆರಾಕ್ಸ್ ಪ್ರತಿಯನ್ನೂ ಅವನ ಕೈಗಿಟ್ಟೆ. ಊರುಗಳ ಹೆಸರು ಅವನಿಗೆ ಪರಿಚಯದವೇ, ಒಂದೊಂದನ್ನೂ ಓದಿದ. ಆರ್.ಸಿ.ಯಲ್ಲಿ ಮಾಲೀಕರ ಹೆಸರಷ್ಟೇ ಇರುತ್ತದೆ. ಗಾಡಿ ಮಾರುವವರು ಇಂಥ ಹಾಳೆಗಳನ್ನೂ ಜೊತೆಗೆ ಕೊಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿರಬೇಕು. ಚಾಸಿ, ಮೈ, ಎಂಜಿನ್ನು ಮೂಲ ರೂಪದಲ್ಲೇ ಉಳಿದಿರಬೇಕು. ಆಗ ‘ವಿಎ’ ಅಕ್ಷರದ ಬೇರೆ ನಂಬರು ಸಿಗುತ್ತದೆ. ನಮ್ಮ ಗಾಡಿಗೆ ಐವತ್ತು ತುಂಬುವುದು 2040ರಲ್ಲಿ. ಅಲ್ಲಿಯವರೆಗೂ ಕಾಪಾಡುತ್ತೇನೆ ಅಂತ ಹುಡುಗ ಮಾತು ಕೊಟ್ಟಿದ್ದಾನೆ. ಟಿಂಕರಿಂಗ್ ಮುಗಿದಿದೆ, ಬಣ್ಣ ಬಳಿಯುವುದು ನಡೆದಿದೆ. ಹಿಂದಿನ ಎಡಗಡೆಯ ದೀಪದ ಗಾಜು ಒಡೆದಿದೆ, ಅದಿನ್ನೂ ಸಿಕ್ಕಿಲ್ಲ. ಓದುವವರ ಪೈಕಿ ಯಾರ ಕೊಟ್ಟಿಗೆಯಲ್ಲಾದರೂ ಹಳೆಯ ಕಾಂಟೆಸಾ ನಿಂತಿದ್ದರೆ, ಗುಜರಿಗೆ ಹಾಕುವ ಮುಂಚೆ ಒಂದು ಮಾತು ತಿಳಿಸಿ.