ಗರ್ಭಕೋಶದ ಗಡ್ಡೆ: ‘ತೆಗೆಸಿಬಿಡಿ’ ಎನ್ನುವ ಮೊದಲು ಯಾರನ್ನು, ಏನೆಂದು ಕೇಳಬೇಕು?

‘ಗಡ್ಡೆ ಇದೆಯಂತೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ, ಗರ್ಭಕೋಶ ತೆಗೆಸಿಬಿಡು.’ ಸ್ಕ್ಯಾನಿಂಗ್‌ನಲ್ಲಿ ಫೈಬ್ರಾಯ್ಡ್ ಕಂಡ ಮಹಿಳೆಗೆ ಮೊದಲು ಸಿಗುವ ಮಾಹಿತಿ ಹೆಚ್ಚಾಗಿ ಇದೇ. ಹೇಳುವವರು ಅತ್ತಿಗೆಯೋ, ಪಕ್ಕದ ಮನೆಯವರೋ, ಕೆಲವೊಮ್ಮೆ ಆಸ್ಪತ್ರೆಯವರೋ ಆಗಿರಬಹುದು. ಈ ಮೂರು ಮಾತುಗಳಲ್ಲಿ ಮೊದಲನೆಯದು ನಿಜವಿರಬಹುದು. ಎರಡನೆಯದು ಬಹುಮಟ್ಟಿಗೆ ಸುಳ್ಳು. ಮೂರನೆಯದು ಇರುವ ಹಲವು ದಾರಿಗಳಲ್ಲಿ ಒಂದು ಮಾತ್ರ.

ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆಯುವ ಗಂಟು. 50 ವರ್ಷದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಹಿಳೆಯರಲ್ಲಿ ಇದು ಇರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಬಹಳಷ್ಟು ಜನರಿಗೆ ಇರುವುದೇ ಗೊತ್ತಾಗುವುದಿಲ್ಲ. ಫೈಬ್ರಾಯ್ಡ್ ಎಂದುಕೊಂಡದ್ದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಮುಟ್ಟು ನಿಂತ ಮೇಲೂ ಗಡ್ಡೆ ಬೆಳೆಯುತ್ತಿದ್ದರೆ ಅಥವಾ ರಕ್ತ ಕಾಣಿಸಿಕೊಂಡರೆ ಮಾತ್ರ ತಡಮಾಡದೆ ಪರೀಕ್ಷೆ ಮಾಡಿಸಬೇಕು. ಹಾಗಾದರೆ ‘ತೆಗೆಸಿಬಿಡು’ ಎಂಬ ಮಾತೇ ಯಾಕೆ ಇಷ್ಟು ಬೇಗ ತಲುಪುತ್ತದೆ?

ನಮ್ಮ ಅನಿಸಿಕೆ ಇದು: ಪ್ರತಿಯೊಬ್ಬರೂ ತಮ್ಮ ಕೈಗೆಟುಕುವ ಚಿಕಿತ್ಸೆಯನ್ನೇ ಹೇಳುತ್ತಾರೆ. ಗರ್ಭಕೋಶ ತೆಗೆಸಿಕೊಂಡು ಆರಾಮಾಗಿರುವ ದೊಡ್ಡಮ್ಮ ಅದನ್ನೇ ಹೇಳುತ್ತಾರೆ. ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿನಲ್ಲಿ ಯಾವ ಶಸ್ತ್ರಚಿಕಿತ್ಸೆ ನಡೆಯುತ್ತದೋ ಅಲ್ಲಿ ಅದರ ಹೆಸರೇ ಕೇಳಿಬರುತ್ತದೆ. ಇದರಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಉಳಿದದ್ದನ್ನು ಹೇಳದಿದ್ದರೆ ಸಾಕು.

ಹೇಳದೆ ಉಳಿದದ್ದರ ಬೆಲೆ ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 3ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು. ಅತಿಯಾದ ರಕ್ತಸ್ರಾವ ಮುಖ್ಯ ಕಾರಣವಾಗಿತ್ತು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರು ಇಂಥ ಅನಗತ್ಯ ಶಸ್ತ್ರಚಿಕಿತ್ಸೆಗಳ ವಿರುದ್ಧ ಕಳೆದ ದಶಕದಲ್ಲಿ ಬೀದಿಗಿಳಿದಿದ್ದರು. ಅನಗತ್ಯ ಹಿಸ್ಟರೆಕ್ಟಮಿ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಕೂಡಲೇ ಬರುತ್ತದೆ, ಮೂಳೆ ಮತ್ತು ಹೃದಯದ ಮೇಲೂ ಅದರ ಪರಿಣಾಮವಿದೆ. ಅಂಡಾಶಯ ಉಳಿಸಿದರೂ ಕೆಲವರಿಗೆ ಋತುಬಂಧ ಬೇಗ ಬರಬಹುದು.

ಮೊದಲು ಓದಬೇಕಾದದ್ದು ನಿಮ್ಮದೇ ಸ್ಕ್ಯಾನಿಂಗ್ ರಿಪೋರ್ಟ್

ಗೂಗಲ್‌ಗಿಂತ ಮೊದಲು ರಿಪೋರ್ಟ್ ತೆರೆಯಿರಿ. 45 × 40 ಎಂಬ ಸಂಖ್ಯೆ ನೋಡಿ ಗಾಬರಿಯಾಗುವವರಿದ್ದಾರೆ. ಅದು ಸಾಮಾನ್ಯವಾಗಿ ಮಿಲಿಮೀಟರ್ ಲೆಕ್ಕ, ಅಂದರೆ ನಾಲ್ಕೂವರೆ ಸೆಂಟಿಮೀಟರ್, ಒಂದು ನಿಂಬೆಹಣ್ಣಿನಷ್ಟು. ಗಾತ್ರದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಮುಖ್ಯವಾದದ್ದು ಗಡ್ಡೆ ಇರುವ ಜಾಗ. ‘ಸಬ್‌ಮ್ಯೂಕೋಸಲ್’ ಎಂದಿದ್ದರೆ ಅದು ಗರ್ಭಕೋಶದ ಒಳಪದರದ ಕಡೆಗೆ ಚಾಚಿಕೊಂಡಿದೆ. ಚಿಕ್ಕದಿದ್ದರೂ ತುಂಬಾ ರಕ್ತಸ್ರಾವ ಮಾಡಿಸುವುದು ಇದೇ. ‘ಇಂಟ್ರಾಮ್ಯೂರಲ್’ ಎಂದರೆ ಗೋಡೆಯೊಳಗೆ. ‘ಸಬ್‌ಸೀರೋಸಲ್’ ಎಂದರೆ ಹೊರಮೈಯಲ್ಲಿ. ಇದು ದೊಡ್ಡದಾದರೆ ಮೂತ್ರಕೋಶವನ್ನು ಒತ್ತಿ ಪದೇಪದೇ ಮೂತ್ರಕ್ಕೆ ಹೋಗುವಂತೆ ಮಾಡಬಹುದು, ರಕ್ತಸ್ರಾವ ಮಾತ್ರ ಹೆಚ್ಚದಿರಬಹುದು. ಹೀಗಾಗಿ ಒಬ್ಬರಿಗೆ ಹೊಂದಿದ ಚಿಕಿತ್ಸೆ ಅವರ ತಂಗಿಗೇ ಹೊಂದದೆ ಇರಬಹುದು.

ಇರುವ ದಾರಿಗಳು

ತೊಂದರೆಯೇ ಇಲ್ಲದಿದ್ದರೆ ಆಗಾಗ ಪರೀಕ್ಷಿಸುತ್ತಾ ಕಾಯುವುದೂ ಒಂದು ಚಿಕಿತ್ಸೆಯೇ. ಋತುಬಂಧದ ನಂತರ ಫೈಬ್ರಾಯ್ಡ್ ಸಾಮಾನ್ಯವಾಗಿ ಕುಗ್ಗುತ್ತದೆ. 47ರ ಮಹಿಳೆಗೆ ಈ ಮಾತು ಬಹಳ ಉಪಯೋಗದ್ದು, 30ರವರಿಗೆ ಅಷ್ಟಿಲ್ಲ. ರಕ್ತಸ್ರಾವ ಹೆಚ್ಚಿದ್ದರೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಾರ್ಮೋನ್ ಮಾತ್ರೆ ಅಥವಾ ಹಾರ್ಮೋನ್ ಬಿಡುಗಡೆ ಮಾಡುವ ವಂಕಿ ಇದೆ. ವಂಕಿ ಎಂದಕೂಡಲೇ ಕಾಪರ್-ಟಿ ನೆನಪಾಗಿ ‘ಅದರಿಂದ ಬ್ಲೀಡಿಂಗ್ ಜಾಸ್ತಿ’ ಎನ್ನುವವರುಂಟು. ಇದು ಬೇರೆ, ರಕ್ತಸ್ರಾವವನ್ನು ತಗ್ಗಿಸುತ್ತದೆ. ಗಡ್ಡೆಯನ್ನು ತಾತ್ಕಾಲಿಕವಾಗಿ ಕುಗ್ಗಿಸುವ ಇಂಜೆಕ್ಷನ್‌ಗಳನ್ನು ಹೆಚ್ಚಾಗಿ ಶಸ್ತ್ರಚಿಕಿತ್ಸೆಗೆ ಮುಂಚೆ ಕೊಡುತ್ತಾರೆ.

ಗರ್ಭಕೋಶ ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವುದು ಮಯೋಮೆಕ್ಟಮಿ. ಮುಂದೆ ಮಕ್ಕಳು ಬೇಕೆನ್ನುವವರು ಮೊದಲು ಕೇಳಬೇಕಾದದ್ದು ಇದನ್ನೇ. ಒಳಕ್ಕೆ ಚಾಚಿದ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ ಯೋನಿಮಾರ್ಗದಿಂದಲೇ ತೆಗೆಯುವ ಅವಕಾಶವೂ ಎಷ್ಟೋ ಸಲ ಇರುತ್ತದೆ. ಆದರೆ ಮುಂದೆ ಹೊಸ ಗಡ್ಡೆಗಳು ಬರಬಹುದು ಎಂಬುದನ್ನೂ ತಿಳಿದಿರಬೇಕು.

ಇನ್ನೊಂದು ದಾರಿಯ ಹೆಸರು ಎಷ್ಟೋ ಮಹಿಳೆಯರ ಕಿವಿಗೇ ಬೀಳುವುದಿಲ್ಲ: ಯುಟೆರೈನ್ ಆರ್ಟರಿ ಎಂಬೋಲೈಸೇಷನ್. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಗಡ್ಡೆಗೆ ರಕ್ತ ಒದಗಿಸುವ ನಾಳಗಳನ್ನು ಮುಚ್ಚುತ್ತಾರೆ. ಗಡ್ಡೆ ನಿಧಾನವಾಗಿ ಕುಗ್ಗುತ್ತದೆ. ಪ್ಯಾರಿಸ್‌ನ ವೈದ್ಯರು ಇದನ್ನು 1995ರಲ್ಲೇ ಪ್ರಕಟಿಸಿದ್ದರು. ಇದನ್ನು ಮಾಡುವವರು ಸ್ತ್ರೀರೋಗ ತಜ್ಞರಲ್ಲ, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್‌ಗಳು. ಅವರು ಸಿಗುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ಹೆಸರು ಕೇಳಿಬರದಿರಲು ಇದೂ ಒಂದು ಕಾರಣ. ಮಕ್ಕಳು ಬೇಕೆನ್ನುವವರಿಗೆ ಇದನ್ನು ಸಾಮಾನ್ಯವಾಗಿ ಮೊದಲ ಆಯ್ಕೆಯಾಗಿ ಸೂಚಿಸುವುದಿಲ್ಲ. ಕೆಲವರಿಗೆ ಮುಂದೆ ಮತ್ತೆ ಚಿಕಿತ್ಸೆ ಬೇಕಾಗಬಹುದು.

ಗರ್ಭಕೋಶ ತೆಗೆಯುವುದೇ ಸರಿಯಾದ ಸಂದರ್ಭಗಳೂ ಇವೆ. ಬೇರೆ ಚಿಕಿತ್ಸೆ ಫಲಿಸದೆ ರಕ್ತಹೀನತೆಯಿಂದ ಬಳಲುವವರಿಗೆ ಅದು ದೊಡ್ಡ ನೆಮ್ಮದಿ ಕೊಟ್ಟಿದೆ. ತಿಳಿದು ಆರಿಸಿಕೊಂಡಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ.

ಯೂಟ್ಯೂಬ್, ವಾಟ್ಸಾಪ್ ನಂಬಬಹುದೇ?

‘21 ದಿನದಲ್ಲಿ ಗಡ್ಡೆ ಕರಗಿಸಿ’ ಎಂಬಂಥ ಪುಡಿ, ಕಷಾಯಗಳ ಮಾತನ್ನು ಅಲ್ಲೇ ಬಿಡಿ. ಫೈಬ್ರಾಯ್ಡನ್ನು ಅವು ಕರಗಿಸುತ್ತವೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಆಸ್ಪತ್ರೆಗಳ ವಿಡಿಯೊಗಳಲ್ಲಿ ಒಳ್ಳೆಯ ವಿವರಣೆಗಳಿವೆ. ಆದರೆ ಒಂದೇ ಚಿಕಿತ್ಸೆಯನ್ನು ಹೊಗಳಿ, ಅದು ಯಾರಿಗೆ ಬೇಡ ಎಂದು ಹೇಳದಿದ್ದರೆ ಅದನ್ನು ಜಾಹೀರಾತು ಎಂದೇ ನೋಡಿ. ಅಮೆರಿಕದ ಮೆಡ್‌ಲೈನ್‌ಪ್ಲಸ್, ಬ್ರಿಟನ್ನಿನ ಎನ್‌ಎಚ್‌ಎಸ್ ಜಾಲತಾಣಗಳು ಎಲ್ಲ ಆಯ್ಕೆಗಳನ್ನೂ ಒಟ್ಟಿಗೆ ಇಟ್ಟು ವಿವರಿಸುತ್ತವೆ. ಅವು ಇಂಗ್ಲಿಷಿನಲ್ಲಿವೆ. ಮನೆಯಲ್ಲಿ ಓದುವ ಮಗಳೋ ಸೊಸೆಯೋ ಇದ್ದರೆ ಓದಿ ಹೇಳಿಸಿಕೊಳ್ಳಿ.

ಕೇಳುವುದು ನಿಮ್ಮ ಹಕ್ಕು

2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ಕೊಟ್ಟಿತು. ಬರೀ ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಅದು ಸಲ್ಲದು ಎಂದ ನ್ಯಾಯಾಲಯ, ಒಪ್ಪಿಗೆ ಪಡೆಯುವಾಗ ಬೇರೆ ಚಿಕಿತ್ಸೆಗಳಿದ್ದರೆ ಅವನ್ನೂ ವೈದ್ಯರು ತಿಳಿಸಬೇಕು ಎಂದಿತು. ಗಂಡನದೋ ಅತ್ತೆಯದೋ ಸಹಿ ನಿಮ್ಮ ಒಪ್ಪಿಗೆಗೆ ಬದಲಿಯಲ್ಲ. ಒಳರೋಗಿಯಾಗಿದ್ದರೆ ನಿಮ್ಮ ಚಿಕಿತ್ಸೆಯ ದಾಖಲೆಗಳನ್ನೂ ಕೇಳಬಹುದು. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದಲೇ ಇದೆ.

ವೈದ್ಯರ ಮುಂದೆ ಕೂತಾಗ ಪ್ರಶ್ನೆ ಮರೆತುಹೋಗುವುದು ಸಹಜ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಡ್ಡೆ ಎಲ್ಲಿದೆ ಡಾಕ್ಟ್ರೇ? ಆರು ತಿಂಗಳು ಕಾದರೆ ಏನಾಗುತ್ತದೆ? ಗಡ್ಡೆ ಮಾತ್ರ ತೆಗೆಯಲು ಆಗುವುದಿಲ್ಲವೇ, ಆಗದಿದ್ದರೆ ಯಾಕೆ? ಅಂಡಾಶಯ ಉಳಿಸುತ್ತೀರಾ? ಇಲ್ಲಿ ಆಗದ ಚಿಕಿತ್ಸೆ ಬೇರೆ ಎಲ್ಲಿ ಸಿಗುತ್ತದೆ? ಎರಡನೆಯ ಅಭಿಪ್ರಾಯಕ್ಕೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ರಿಪೋರ್ಟ್ ಸಮೇತ ಹೋಗಬಹುದು. ಆಶಾ ಕಾರ್ಯಕರ್ತೆಯನ್ನೂ ವಿಚಾರಿಸಬಹುದು.

ಈ ವಿಚಾರಣೆಗೆ ಸಾಮಾನ್ಯವಾಗಿ ಕೆಲವು ವಾರಗಳ ಸಮಯ ಇರುತ್ತದೆ. ಆ ನಡುವೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆ ಶುರುಮಾಡುವುದನ್ನು ಮುಂದೂಡಬೇಡಿ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋಗುತ್ತಿದ್ದರೆ, ತಲೆಸುತ್ತಿ ಬೀಳುವಂತಾಗುತ್ತಿದ್ದರೆ ಅಥವಾ ಹೊಟ್ಟೆನೋವು ದಿಢೀರನೆ ತೀವ್ರವಾದರೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.